ಸಮಪಾಲಿನ ವೇಳಾಪಟ್ಟಿ

ಆ ವೇಳಾಪಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಮರ ಕಾಣುತ್ತಿತ್ತು. ಬರೆದು ಅಳಿಸಿ, ಬರೆದು ಅಳಿಸಿ ಕಾಗದ ಅಷ್ಟು ತೆಳ್ಳಗಾಗಿತ್ತು. ಬೇರೆ ಊರಿನಿಂದ ಬಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ನಾನು ಮುಖ್ಯಸ್ಥನಾದ ಮೊದಲ ವರ್ಷವದು. ಪಾಠದ ಗಂಟೆ ಹಂಚುವುದೆಂದರೆ ಅಲ್ಲಿ ಪ್ರತಿವರ್ಷ ದೊಡ್ಡ ರಂಪವಂತೆ. ಅದಕ್ಕೆ ಮಂಗಳ ಹಾಡಿಯೇ ಬಿಡುತ್ತೇನೆಂದು ಕೂತೆ. ವಾರಕ್ಕೆ ಅರವತ್ತೆರಡು ಗಂಟೆ, ಕಾಯಂ ಮೇಷ್ಟರು ನಾಲ್ವರು, ತಲಾ ಹದಿನೈದು. ಉಳಿದ ಎರಡು ಅತಿಥಿ ಉಪನ್ಯಾಸಕಿ ಮಂದಾಕಿನಿಯವರಿಗೆ.

"ನಿಮ್ಮ ಭಾರಾನೂ ಇಳಿಸಿದೀನಿ ಮೇಡಂ," ಎಂದೆ ಬೀಗುತ್ತ.

"ಆಗ್ಲಿ ಸರ್," ಎಂದು ಆಕೆ ತಲೆ ತಗ್ಗಿಸಿ ಹೊರಟರು. ಸಂಕೋಚದ ಸ್ವಭಾವ ಅಂದುಕೊಂಡೆ. ಗಂಟೆ ಕಡಿಮೆಯಾದರೆ ಬೇಸರಪಡುವ ಮೇಷ್ಟರನ್ನು ನಾನೆಲ್ಲಿ ಕಂಡಿದ್ದೆ!

ಮರುದಿನ ವೃಷಭೇಂದ್ರಯ್ಯನವರು ಬಂದರು. ವಿಭಾಗದಲ್ಲೇ ಹಿರಿಯರು, ಸೋಮಾರಿತನಕ್ಕೆ ಹೆಸರುವಾಸಿ. ಉಳಿದವರು ಹದಿನಾಲ್ಕು ಗಂಟೆ ದುಡಿಯುವಾಗ ಇವರು ವರ್ಷಗಟ್ಟಲೆ ಹತ್ತರಲ್ಲೇ ಕಾಲ ಹಾಕಿದ್ದರು.

"ಹದಿನೈದು ನನ್ನ ಕೈಲಾಗಲ್ಲ ಸ್ವಾಮಿ."

ನನಗೆ ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ಮೈಗಳ್ಳತನ ಮಾಡಿದ್ದು ಸಾಲ್ದಾ?"

ಅವರು ನಕ್ಕು ಬಾಗಿಲು ಮುಂದೆ ಮಾಡಿದರು. "ಬೈಯಿರಿ, ಬೈಯಿರಿ. ಆದ್ರೆ ವಾರಕ್ಕೆ ಎಂಟು ಗಂಟೆ ಇಲ್ದಿದ್ರೆ ಆ ಹುಡುಗಿ ಮಂದಾಕಿನಿಗೆ ಈ ವರ್ಷದ ನೇಮಕದ ಆರ್ಡರೇ ಬರಲ್ಲ, ಗೊತ್ತಾ? ನೀವು ಭಾರ ಇಳಿಸಿಲ್ಲ, ಕೆಲಸಾನೇ ತೆಗೆದಿದೀರಿ."

ಅಯ್ಯೋ ದೇವರೇ! ಕೂತಲ್ಲೇ ನಾಚಿಕೆಯಿಂದ ಕುಗ್ಗಿಹೋದೆ.

"ಹಾಗಾದ್ರೆ ಇಷ್ಟು ವರ್ಷ ಆಕೆಗೋಸ್ಕರ ಕೆಟ್ಟ ಹೆಸರು ಹೊತ್ರಾ?"

"ಛೇ, ಛೇ! ಮೈಗಳ್ಳತನ ನನ್ನ ಸ್ವಂತದ್ದೇ. ನಾನು ಬಿಟ್ಟ ಗಂಟೆಯಿಂದ ಒಬ್ಬರ ಹೊಟ್ಟೆ ತುಂಬೋದಾದ್ರೆ ಬಿಡೋದ್ಯಾಕೆ ಅಂತ."

ಪಾಠದ ಹೊರಗಿನ ಕೆಲಸ ತೋರಿಸಿದರೆ ಕಾಯಂ ಮೇಷ್ಟರು ತಲಾ ಎರಡು ಗಂಟೆ ಬಿಡಬಹುದೆಂಬ ನಿಯಮವಿತ್ತು. ಅಂಥ ಕೆಲಸ ಯಾವುದಿದೆಯೆಂದು ಹುಡುಕಿದರೆ, ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದು, ಹಾಜರಿ ಕೂಡಿಸುವುದು, ಪ್ರವಾಸಕ್ಕೆ ಓಡಾಡುವುದು, ಎಲ್ಲವನ್ನೂ ಮಂದಾಕಿನಿಯವರೇ ಮಾಡುತ್ತಿದ್ದರು! ಯಾವ ಪಟ್ಟಿಯಲ್ಲೂ ಅದರ ಸುದ್ದಿಯಿಲ್ಲ. ಅದನ್ನು ನಾವು ನಾಲ್ವರೂ ಹಂಚಿಕೊಂಡು, ತಲಾ ಎರಡು ಗಂಟೆ ಆಕೆಗೆ ಬಿಟ್ಟುಕೊಟ್ಟೆವು.

"ಪಾಠವೂ ಹದಿಮೂರು ಗಂಟೆ, ಜೊತೆಗೆ ಉತ್ತರಪತ್ರಿಕೆ ಬೇರೆ! ಬಾಯಿ ಬಿಟ್ಟು ಕೆಟ್ಟೆನಲ್ಲಪ್ಪಾ!" ಎಂದು ವೃಷಭೇಂದ್ರಯ್ಯ ಹಣೆ ಚಚ್ಚಿಕೊಂಡರು. ಆದರೂ ಸಹಿ ಹಾಕಿದರು.

ಮಂದಾಕಿನಿಯವರು ಆಗಲೇ ಮೇಜು ಖಾಲಿ ಮಾಡುತ್ತಿದ್ದರು. ಕ್ಷಮೆ ಕೇಳಿ ಹೊಸ ಪಟ್ಟಿ ಕೊಟ್ಟೆ. "ಹತ್ತು ಗಂಟೆ," ಎಂದೆ. ಆಕೆಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಪಟ್ಟಿಯನ್ನು ಎರಡು ಸಲ ಓದಿದರು. ಆಮೇಲೆ ಹುಬ್ಬು ಗಂಟಿಕ್ಕಿತು.

"ಸರ್, ಶನಿವಾರದ ಕೊನೇ ಗಂಟೆ ನನಗ್ಯಾಕೆ? ಬೇರೆ ಯಾರಿಗಾದ್ರೂ ಹಾಕಿ."

ಐದು ವರ್ಷದಲ್ಲಿ ಆಕೆ ತೆಗೆದ ಮೊದಲ ತಕರಾರಂತೆ ಅದು. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನನ್ನ ಮಂಗಳವಾರದ ಒಂದು ಗಂಟೆ ಕೊಟ್ಟು ಅದನ್ನು ನಾನೇ ತೆಗೆದುಕೊಂಡೆ.

ಆ ಶನಿವಾರ ತರಗತಿಯಲ್ಲಿ ಆರೇ ಜನ, ಅವರಲ್ಲಿ ಇಬ್ಬರು ಆಕಳಿಸುತ್ತಿದ್ದರು. ಕಿಟಕಿಯಾಚೆ ಮಂದಾಕಿನಿಯವರು ಸೈಕಲ್ ಹತ್ತಿ, ದಾರಿಯಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತ ಮನೆಗೆ ಹೊರಟಿದ್ದರು.