ಹರಕೆ ತೃಪ್ತಿಯ ಹೆಸರಿನಲ್ಲಿ

ಎರಡು ವರ್ಷದಿಂದ ನನ್ನ ಸೊಸೆ ತೃಪ್ತಿ ಮೀನು ಮುಟ್ಟಿರಲಿಲ್ಲ. ಹರಕೆ ಹೊತ್ತದ್ದು ನಾನು, ನಡೆಸಿದ್ದು ಅವಳು. ಮಗು ನಿಲ್ಲದಿದ್ದರೆ ನಾವು ನಾಗನಿಗೆ ಹೇಳಿಕೊಳ್ಳುವವರು. ನಾನು ಹೇಳಿಕೊಂಡದ್ದು ಅವಳ ಹೆಸರು, ಅವಳ ನಕ್ಷತ್ರ. ಮಗ ಲತೇಶನದ್ದೂ ಹೇಳಬೇಕಿತ್ತೆಂದು ಆಗ ತೋಚಲೇ ಇಲ್ಲ.

ಪುಣೆಯ ಬಿಬವೇವಾಡಿಯಲ್ಲಿ ನಮ್ಮದೊಂದು ಊಟದ ಹೋಟೆಲು. ಮನೆ ಅದರ ಮೇಲೆಯೇ. ಗಂಡ ಮಹಾಲಿಂಗ ಶೆಟ್ಟರು ಗಲ್ಲಾದಲ್ಲಿ, ಲತೇಶ ಅಡುಗೆಮನೆಯಲ್ಲಿ. ಅವನಿಗೆ ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ. ಬಾಯಲ್ಲಿ ಸದಾ ಸಿಗರೇಟು, ರಾತ್ರಿ ಹೋಟೆಲು ಮುಚ್ಚಿದ ಮೇಲೆ ಎರಡು ಪೆಗ್ಗು. ಗಂಡಸಲ್ಲವಾ, ಇಡೀ ದಿನ ಬೆಂಕಿಯ ಮುಂದೆ ನಿಲ್ಲುತ್ತಾನೆ ಎಂದು ಸುಮ್ಮನಿದ್ದೆ.

ತೃಪ್ತಿಯ ಮೊದಲ ಬಸಿರು ಮೂರನೇ ತಿಂಗಳಲ್ಲಿ ಹೋಯಿತು. ಹರಕೆ ಆಗ ಹೊತ್ತದ್ದು. ಎರಡನೆಯದು ಹೆಣ್ಣು. ಏಳು ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತೇ ದಿನ ಬದುಕಿತ್ತು. ನನ್ನ ಬೆರಳು ಹಿಡಿಯಲು ಅದರ ಅಂಗೈ ಸಾಲುತ್ತಿರಲಿಲ್ಲ.

ಆಮೇಲೆ ನಾನು ತೃಪ್ತಿಯನ್ನು ಕೇಳುತ್ತಲೇ ಇದ್ದೆ. ಪಪ್ಪಾಯಿ ತಿಂದೆಯಾ? ಭಾರ ಎತ್ತಿದೆಯಾ? ಹರಕೆಯಲ್ಲಿ ಏನಾದರೂ ತಪ್ಪಿತಾ? ಎಲ್ಲದಕ್ಕೂ “ಇಲ್ಲ ಅತ್ತೆ” ಎಂದು ಉತ್ತರ ಕೊಡುತ್ತಿದ್ದಳು.

ಹೋದ ತಿಂಗಳು ಅವಳನ್ನು ಹಿಂದಿನ ಬೀದಿಯ ಡಾಕ್ಟರ್ ನೀತಾ ಹತ್ತಿರ ಕರೆದುಕೊಂಡು ಹೋದೆ. ಮೊದಲ ಬಸಿರಿಗೆ ಅವರೇ ನೋಡಿದ್ದು. ಎರಡನೆಯದಕ್ಕೆ ಮಾತ್ರ ಲತೇಶ, ದೂರವಾದರೂ ದೊಡ್ಡ ಆಸ್ಪತ್ರೆಯೇ ಆಗಬೇಕೆಂದು ಹಟ ಹಿಡಿದಿದ್ದ. ಹೆಂಡತಿಯ ಮೇಲೆ ಎಷ್ಟು ಕಾಳಜಿ ಎಂದು ಹೆಮ್ಮೆಪಟ್ಟಿದ್ದೆ.

ಡಾಕ್ಟರು ಹಳೆಯ ಕಾಗದ ತೆಗೆದು ಮರಾಠಿಯಲ್ಲಿ ಕೇಳಿದರು, “ಯಜಮಾನರು ಬರಲಿಲ್ಲವೇ? ಆ ಮೂರು ತಿಂಗಳು ಪೂರ್ತಿ ಮಾಡಿದರೇ?”

“ಯಾವ ಮೂರು ತಿಂಗಳು?” ಎಂದಳು ತೃಪ್ತಿ.

ಡಾಕ್ಟರು ನಮ್ಮಿಬ್ಬರ ಮುಖ ನೋಡಿದರು. “ಮನೆಯಲ್ಲಿ ನಾನೇ ಹೇಳುತ್ತೇನೆ ಎಂದಿದ್ದರಲ್ಲ.”

ಗಂಡಸಿನ ಬೀಜ ತಯಾರಾಗಲು ಮೂರು ತಿಂಗಳ ಹತ್ತಿರ ಬೇಕಂತೆ. ಆಗ ಅವನು ಸೇದಿದ್ದು, ಕುಡಿದದ್ದು, ರಕ್ತದಲ್ಲಿ ಏರಿದ ಸಕ್ಕರೆ, ಇವುಗಳ ಪೆಟ್ಟು ಬೀಜಕ್ಕೂ ಬಿದ್ದು ಮಗುವಿನ ತನಕ ಹೋಗಬಹುದಂತೆ. ಮೂರು ತಿಂಗಳು ಎಲ್ಲ ಬಿಟ್ಟು, ಸಕ್ಕರೆ ಇಳಿಸಿ, ಆಮೇಲೆ ಮಗುವಿನ ಯೋಚನೆ ಮಾಡಿ ಎಂದು ಲತೇಶನಿಗೆ ಬರೆದುಕೊಟ್ಟಿದ್ದರು. ತಾರೀಕು ನೋಡಿದೆ. ಅದಾಗಿ ತಿಂಗಳಿಗೇ ತೃಪ್ತಿ ಎರಡನೇ ಸಲ ಬಸಿರಾದದ್ದು. ಅವತ್ತು ಲತೇಶ ಹೋಟೆಲಿಗೆ ಬಂದವರಿಗೆಲ್ಲ ಪೇಡೆ ಹಂಚಿದ್ದ.

“ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ ಆಜಿ,” ಎಂದರು ಡಾಕ್ಟರು. “ಆದರೆ ನಿಮ್ಮ ಕೈಯಲ್ಲಿದ್ದದ್ದು ಇದು.”

ನಾವು ಬಂದಾಗ ಹೋಟೆಲಿನಲ್ಲಿ ಗಿರಾಕಿ ಇರಲಿಲ್ಲ. “ಲತೇಶಾ, ಆ ಮೂರು ತಿಂಗಳು ಎಂತದ್ದು ಮಾರಾಯ?” ಎಂದೆ.

ಅವನಿಗೆ ತಕ್ಷಣ ಗೊತ್ತಾಯಿತು. “ಓ, ಆ ಡಾಕ್ಟ್ರಾ? ಸಿಗರೇಟು ಸೇದುವವರಿಗೆ ಮಕ್ಕಳಾಗುದಿಲ್ಲಾಂದ್ರೆ ಈ ಪುಣೆಯಲ್ಲಿ ಇಷ್ಟು ಟ್ರಾಫಿಕ್ಕು ಎಲ್ಲಿಂದ ಬಂತು?”

ಗಲ್ಲಾದಲ್ಲಿ ಶೆಟ್ಟರು ನಕ್ಕರು.

“ನನಗೆ ಹೇಳ್ಬಹುದಿತ್ತಲ್ಲ,” ಎಂದಳು ತೃಪ್ತಿ.

“ಹೇಳಿ? ನಿನ್ನ ತವರಿನವರು ನನ್ನ ಬಗ್ಗೆ ಎಂತ ಮಾತಾಡ್ತಿದ್ರು?”

“ನನ್ನ ಬಗ್ಗೆ ಮಾತಾಡಿದ್ದು ಆಗ್ತದಾ?”

ಅವನು ಟವೆಲಿನಲ್ಲಿ ಕೈ ಒರೆಸಿಕೊಂಡ. “ಅಮ್ಮ ಹರಕೆ ಹೊತ್ತಿದ್ರಲ್ಲ, ಸರಿಹೋಗ್ತದೆ ಅಂದ್ಕೊಂಡೆ. ಅಪ್ಪನಿಗೂ ಗೊತ್ತುಂಟು. ಹೆಂಗಸರ ಕಿವಿಗೆ ಹಾಕ್ಬೇಡ ಅಂತ ಅವರೇ ಹೇಳಿದ್ದು.”

ಗಲ್ಲಾದ ಕಡೆ ತಿರುಗಿದೆ. ಶೆಟ್ಟರು ಸೋಂಪಿನ ತಟ್ಟೆ ಸರಿಮಾಡುತ್ತಿದ್ದರು.

“ಹೋಟೆಲಿನ ಹೆಸರು ಅಂತ ಒಂದು ಉಂಟಲ್ಲ ಸ್ವರ್ಣ,” ಎಂದರು.

ನಲವತ್ತನಾಲ್ಕು ವರ್ಷ ಜೊತೆಗಿದ್ದ ಮನುಷ್ಯ. ಎರಡನೇ ಬಸಿರು ನಿಂತಾಗ ಊರಿನ ನಾಗನ ಕಟ್ಟೆಗೆ ಹಾಲು, ಸೀಯಾಳ ಹೊತ್ತು ನನ್ನ ಜೊತೆ ಬಂದವರು ಇವರೇ. ಭಟ್ಟರು ಯಾರ ಹೆಸರಿಗೆ ಎಂದಾಗ ನಾನು ತೃಪ್ತಿ ಎಂದೆ. ಎಲ್ಲ ಗೊತ್ತಿದ್ದೂ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದರು.

ತೃಪ್ತಿ ಮೇಲೆ ಹೋಗಿ ಬಟ್ಟೆ ತುಂಬಿಕೊಂಡು ಇಳಿದಳು. ಅವಳ ಅಣ್ಣನ ಮನೆ ನಿಗಡಿಯಲ್ಲಿ. ರಿಕ್ಷಾ ಹತ್ತುವಾಗ ಕೈ ಹಿಡಿದುಕೊಂಡೆ. “ನನಗೆ ಗೊತ್ತಿರ್ಲಿಲ್ಲ ಮಗಾ.”

“ಹೌದು ಅತ್ತೆ, ಗೊತ್ತಿರ್ಲಿಲ್ಲ. ಆದ್ರೆ ನನ್ನನ್ನು ದಿನಾ ಕೇಳಿದ್ರಿ. ಅವರನ್ನು ಒಂದು ದಿನ ಕೇಳ್ಲಿಲ್ಲ.”

ಹಿಡಿದ ಕೈ ಬಿಟ್ಟೆ.

ಮೂರು ವಾರ ಅವಳು ಲತೇಶನ ಫೋನು ಎತ್ತಲಿಲ್ಲ. ನಿನ್ನೆ ಅವನು ನನ್ನ ಪಕ್ಕ ಬಂದು ಕೂತ. “ಅಮ್ಮಾ, ನೀನು ಹೇಳಿದ್ರೆ ಬರ್ತಾಳೆ. ಎಲ್ಲ ಬಿಟ್ಟಿದ್ದಾನೆ ಅಂತ ಹೇಳು.”

“ಬಿಟ್ಟಿದ್ದೀಯಾ?”

“ಕಡಿಮೆ ಮಾಡಿದ್ದೇನೆ.”

“ಒಂದು ಮಾತು ಹೇಳಿದ್ರೆ ನಿನ್ನ ಗಂಟು ಹೋಗ್ತದಾ ಮಾರಾಯ್ತಿ?” ಎಂದರು ಶೆಟ್ಟರು.

ಅವರಿಬ್ಬರ ಎದುರಿನಲ್ಲೇ ಫೋನು ಮಾಡಿದೆ. ತೃಪ್ತಿ ಎತ್ತಿದಳು.

“ತೃಪ್ತಿ, ಲತೇಶ ಕಡಿಮೆ ಮಾಡಿದ್ದಾನಂತೆ, ಬಿಟ್ಟಿಲ್ಲ. ಬಿಟ್ಟಿದ್ದಾನೆ ಅಂತ ನನ್ನ ಬಾಯಲ್ಲಿ ಹೇಳಿಸ್ತಿದ್ದಾರೆ.”

“ಅಮ್ಮಾ!” ಎಂದು ಲತೇಶ ಎದ್ದು ನಿಂತ. ನಾನೇ ಅವನಿಗೆ ಮೋಸ ಮಾಡಿದವಳಂತೆ ನೋಡಿದ.

ಆಮೇಲೆ ತೃಪ್ತಿ, “ಅತ್ತೆ, ಊಟ ಆಯ್ತಾ?” ಎಂದಳು.

ಬರುತ್ತೇನೆ ಎನ್ನಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ.