ಆಕಳಿಗೆ ನೆಲವಿಲ್ಲದ ಮನೆ

ಈಶ್ವರನಿಗೆ ಯಾರ ಮನೆಯ ನಕಾಶೆ ತೋರಿಸಿದರೂ ಪಡಸಾಲೆ, ಅಡಿಗೆಮನೆ, ದೇವರಕೋಣೆಗಳ ಮೇಲೆಲ್ಲ ಬೆರಳಾಡಿಸಿ, ತುಟಿ ಸೊಟ್ಟ ಮಾಡಿ, "ಇದೆಲ್ಲಾ ನಿಮಗಾತು. ಮತ್ತ ಅವಕ್ಕ?" ಎಂದು ಕೇಳುತ್ತಿದ್ದ. ಅವಕ್ಕ ಎಂದರೆ ಎತ್ತು ಎಮ್ಮೆಗಳಿಗೆ, ಗುಬ್ಬಿಗೆ, ಹಲ್ಲಿಗೆ, ಬೀದಿನಾಯಿಗೆ. ಒಮ್ಮೊಮ್ಮೆ ಬುನಾದಿಗೆಂದು ಅಗೆದು ಗುಡ್ಡೆ ಹಾಕಿದ ಕರಿಮಣ್ಣಿಗೂ. ಬೀಳಗಿಯಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ 'ಅವಕ್ಕ ಇಂಜಿನಿಯರ್' ಎಂದು ನಗುತ್ತಿದ್ದರು. ಅದು ಕಿವಿಗೆ ಬಿದ್ದರೂ ಬೀಳದವನಂತೆ, ಬಗಲಲ್ಲಿ ಕಾಗದದ ಸುರುಳಿ ಅವುಚಿಕೊಂಡು, ಸುಡುಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟಿನಲ್ಲಿ, ಇರುವೆ ಸಾಲು ಕಂಡಲ್ಲೆಲ್ಲ ಹೆಜ್ಜೆ ಹಿಗ್ಗಿಸಿ ದಾಟುತ್ತ, ಕುಂಟನಲ್ಲದಿದ್ದರೂ ಕುಂಟನಂತೆ ನಡೆದು ಹೋಗುತ್ತಿದ್ದ. ಸಾಲೆಯಲ್ಲಿ ನನ್ನ ಪಕ್ಕ ಕೂತವನು. ಆಗಲೂ ಹಾಗೆಯೇ ನಡೆಯುತ್ತಿದ್ದ.

ಗಲಗಲಿಯ ಆಚೆ, ಕೃಷ್ಣೆಯ ದಂಡೆಯಲ್ಲಿದ್ದ ನಮ್ಮ ಊರಿನ ಮನೆಗಳಲ್ಲಿ ಮನುಷ್ಯರಿಗೂ ದನಗಳಿಗೂ ಒಂದೇ ತಲೆಬಾಗಿಲು. ಒಳಗೆ ಕಾಲಿಟ್ಟೊಡನೆ ದನ ಕಟ್ಟುವ ಜಾಗ, ಅದನ್ನು ದಾಟಿದರೆ ಎತ್ತರದ ಪಡಸಾಲೆ. ಉಣ್ಣಲು ಕೂತವರ ಬೆನ್ನಿಗೆ ಎತ್ತಿನ ಬಿಸಿಯುಸಿರು ತಾಗುತ್ತಿತ್ತು. ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟಿನ ನಕಾಶೆ ಬರೆಯುವಾಗ ನಮ್ಮನ್ನು ಯಾರೂ ನೆನೆಯಲಿಲ್ಲವೆಂದು ನಾವೆಲ್ಲ ಬಾಯಿ ಬಡಿದುಕೊಂಡೆವು. ಈಶ್ವರ ಮಾತ್ರ, ಆಮೆ ನೀರುನಾಯಿಗಳನ್ನೂ ಯಾರೂ ನೆನೆಯಲಿಲ್ಲವಲ್ಲ ಎಂದು ನಡುವೆ ಬಾಯಿ ಹಾಕಿ ಬೈಸಿಕೊಂಡ.

ಪುನರ್ವಸತಿ ಕೇಂದ್ರದಲ್ಲಿ ಅವನ ಅಣ್ಣ ಗಿರಿಮಲ್ಲಪ್ಪ ಮನೆ ಕಟ್ಟಿಸಲು ಹೊರಟಾಗ ನಕಾಶೆ ಬರೆದವನು ಈಶ್ವರನೇ. ಮುಳುಗುವ ಮುಂಚೆ ಕಿತ್ತು ತಂದ ಹಳೆಯ ಕಲ್ಲು, ಹಳೆಯ ತೊಲೆಗಳೇ ಸಾಕು, ಹೊಸ ಇಟ್ಟಿಗೆ ಸುಡಿಸಿ ಮಣ್ಣು ಹಾಳು ಮಾಡುವುದು ಬೇಡವೆಂದ. ಸೂರಿನ ಕೆಳಗೆ ಗುಬ್ಬಿಗೆ ಗೂಡು, ಅಡಿಗೆಮನೆಯ ಮುಸುರೆ ನೀರು ಹರಿದು ಬೀಳಲು, ಬೀದಿಯ ನಾಯಿ ದನ ಬಂದು ಕುಡಿಯಲು ಬೀದಿಯ ಕಡೆ ಕಲ್ಲಿನ ದೋಣಿ, ಬಾಗಿಲ ಒಳಗೆ ದನಕ್ಕೆ ಒರಟು ಫರಸಿಕಲ್ಲಿನ ನೆಲ. ಗಿರಿಮಲ್ಲಪ್ಪ ಊರಿಗೆ ಹಿರಿಯ. ಅವನು ಕಟ್ಟಿದ ಹಾಗೆಯೇ ಎಲ್ಲರೂ ಕಟ್ಟುವರೆಂದು ಈಶ್ವರನಿಗೆ ಖಾತ್ರಿಯಿತ್ತು. ಇದೊಂದು ಮನೆ ನೆಟ್ಟಗೆ ಎದ್ದರೆ ತಾನು ಓದಿದ್ದು ಸಾರ್ಥಕವೆಂದು ನನ್ನೆದುರು ಹೇಳಿಕೊಂಡಿದ್ದ.

"ತಮ್ಮಾ, ಸಗಣಿ ವಾಸನಿ ಕುಡದು ಕುಡದು ಸಾಕಾಗೇತಿ. ಶಹರದ ಮಂದಿಗತೆ ಒಂದೀಟು ಇರೂಣು ಬಿಡು," ಎಂದ ಗಿರಿಮಲ್ಲಪ್ಪ.

ಹಳೆಯ ಕಲ್ಲು ಮಾರಾಟವಾಯಿತು. ಗುಬ್ಬಿಯ ಗೂಡಿಗೆ ಸಿಮೆಂಟು ಬಡಿದರು. ದೋಣಿ ಹೋಗಿ ಕಟ್ಟೆ ಬಂತು, ದನದ ಜಾಗದಲ್ಲಿ ಮೋಟಾರ್‌ಸೈಕಲ್ ನಿಂತಿತು. ಪ್ರತಿ ಸಲವೂ ಈಶ್ವರ ಒಂದು ದಿನ ಮುಖ ಗಂಟು ಹಾಕಿಕೊಂಡು, ಮರುದಿನ ಗೆರೆ ಅಳಿಸಿ ಬೇರೆ ಗೆರೆ ಎಳೆದುಕೊಟ್ಟ. ಕೊನೆಗೆ ನೆಲವೊಂದು ಉಳಿದಿತ್ತು. "ಗೃಹಪ್ರವೇಶಕ್ಕ ಮೊದಲ ಆಕಳಾ ಒಳಗ ಬರಬೇಕಲ್ಲೋ ಯಣ್ಣಾ, ಅದರ ಕಾಲನ್ನರ ನೆನಸು," ಎಂದ. ಅಣ್ಣ ಮುಖ ಕಾಣುವಂಥ ಗ್ರಾನೈಟ್ ಹಾಕಿಸಿದ. ಆ ದಿನದ ಮಟ್ಟಿಗೆ ಗೋಣಿಚೀಲ ಹಾಸುವುದೆಂದು ಒಪ್ಪಂದವಾಯಿತು. ಅಷ್ಟಕ್ಕೇ ಈಶ್ವರ ಸುಮ್ಮನಾದ.

ಆಕಳು ಹಿಂದಿನ ಓಣಿಯ ಕಸ್ತೂರೆವ್ವನದು. ಗಂಡ ಸತ್ತ ಮೇಲೆ ಆ ಹೆಣ್ಣುಮಗಳು ಅದರ ಹಾಲಿನ ಮೇಲೆಯೇ ಸಂಸಾರ ತೂಗಿಸುತ್ತಿದ್ದಳು. ಗೃಹಪ್ರವೇಶದ ದಿನ ಈಶ್ವರ ನಸುಕಿನಲ್ಲೇ ಎದ್ದು, ತಲೆಬಾಗಿಲಿನಿಂದ ದೇವರಕೋಣೆಯವರೆಗೆ ಗೋಣಿಚೀಲಗಳನ್ನು ತಾನೇ ಹಾಸಿದ್ದ. ಜಮಖಂಡಿಯಿಂದ ಬಂದಿದ್ದ ವಿಡಿಯೋದವನು ಕ್ಯಾಮೆರಾದಲ್ಲಿ ಇಣುಕಿ, "ಚೀಲ ತಗಸ್ರೀ, ಶೂಟಿಂಗ್‌ನ್ಯಾಗ ಚಂದ ಕಾಣೂದಿಲ್ಲ," ಎಂದ. ಹೆಂಗಸರು ತೆಗೆದರು. ಈಶ್ವರ ಅಣ್ಣನ ಮುಖ ನೋಡಿದ. ಅಣ್ಣ ಬೇರೆ ಕಡೆ ನೋಡಿದ. ಈಶ್ವರ ಗೋಡೆಗೆ ಸರಿದು ಆಕಳಿಗೆ ದಾರಿ ಬಿಟ್ಟ. ನಾನು ಅಲ್ಲೇ ನಿಂತಿದ್ದೆ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಅರಿಷಿಣ ಕುಂಕುಮ ಹಚ್ಚಿದ ಆಕಳು ಹೊಸಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿತು. ಹಿಂಗಾಲುಗಳು ಎರಡು ದಿಕ್ಕಿಗೆ ಜಾರಿ ಸೀಳಿದವು. ಏಳಲು ಒದ್ದಾಡಿದಷ್ಟೂ ಜಾರಿತು. ಕಡೆಗೆ ಹಗ್ಗ ಹಾಕಿ, ಅದೇ ಗೋಣಿಚೀಲಗಳ ಮೇಲೆ ಹೊರಳಿಸಿ ಹೊರಗೆಳೆದರು. ಅದು ಮತ್ತೆ ಎದ್ದು ನಿಲ್ಲಲಿಲ್ಲ, ಆ ವಾರ ದಾಟಲೂ ಇಲ್ಲ.

ಊರು ಕೂತು ಯೋಚಿಸಿತು. ಬಾಗಿಲಿನ ದೋಷವೆಂದು ತೀರ್ಮಾನವಾಯಿತು. ವಾಸ್ತು ಹೇಳುವವನನ್ನು ಕರೆಸಿ ಪೂರ್ವದ ಬಾಗಿಲನ್ನು ಕಿತ್ತು ಉತ್ತರಕ್ಕೆ ಕೂಡಿಸಿದರು. ನೆಲದ ಮಾತು ಯಾರೂ ಎತ್ತಲಿಲ್ಲ. ಮುಂದೆ ಎದ್ದ ಮನೆಗಳಿಗೆಲ್ಲ ಅದೇ ನುಣುಪು ಕಲ್ಲು ಬಂತು.

ಈಶ್ವರ ಸಮಾಧಾನ ಹೇಳಲು ಹೋದಾಗ ಕಸ್ತೂರೆವ್ವ ಬರಿದಾದ ಗೂಟದ ಪಕ್ಕ ಕೂತಿದ್ದಳು. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. "ಅವರಿಗೆ ತಿಳೀಲಿಲ್ಲ ಬಿಡೋ ತಮ್ಮಾ," ಎಂದಳು. "ನಿನಗ ತಿಳಿದಿತ್ತಲ್ಲ."

ಅವನು ಈಗಲೂ ಮನೆಗಳ ನಕಾಶೆ ಬರೆಯುತ್ತಾನೆ, ಕೇಳಿದವರಿಗೆ ಕೇಳಿದ್ದನ್ನು. ಜನ ಅವನನ್ನು ಬಲು ಸಜ್ಜನ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಸಕಲ ಜೀವಗಳಿಗಾಗಿ ಮರುಗುವ ಇಂಥ ಮೃದುಹೃದಯದವರು ನಮ್ಮಲ್ಲಿ ಊರಿಗೊಬ್ಬರಾದರೂ ಇದ್ದಾರೆ. ಮನೆಯವರ ಮುಖ ಸಣ್ಣದಾಗುವುದನ್ನು ಮಾತ್ರ ಅವರಿಂದ ನೋಡಲಾಗುವುದಿಲ್ಲ. ಆದ್ದರಿಂದ ಒಂದೊಂದಾಗಿ ಬಿಟ್ಟುಕೊಡುತ್ತ ಹೋಗುತ್ತಾರೆ. ಬಿಟ್ಟುಕೊಟ್ಟದ್ದರಲ್ಲಿ ಅವರದೆಂಬುದು ಒಂದೂ ಇರುವುದಿಲ್ಲ.