ಮಾವಿಸಳ ಮಂಡಿನೋವು

"ಎರಡನೇ ವಿಷಯ," ಎಂದಳು ಅಧ್ಯಕ್ಷೆ ಬೆರಿಲ್, ತಲೆ ಎತ್ತದೆ. "ಇವತ್ತಿನ ಚರ್ಚೆಯಲ್ಲಿ ಸ್ವಂತ ಹಿತಾಸಕ್ತಿ ಇರೋರು ಯಾರಾದ್ರೂ ಇದ್ರೆ ಈಗಲೇ ಹೇಳಿಬಿಡಿ."

ಪ್ರತಿ ಸಭೆಯಲ್ಲೂ ಅಧ್ಯಕ್ಷರ ಬಾಯಿಂದ ಈ ಮಾತು ಬರುತ್ತಿತ್ತು, ಪ್ರತಿ ಸಭೆಯಲ್ಲೂ ಯಾರೂ ಏನೂ ಹೇಳುತ್ತಿರಲಿಲ್ಲ. ಬಿಸ್ಕತ್ತಿನ ತಟ್ಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಷ್ಟರಲ್ಲಿ ಮೂರನೇ ವಿಷಯ ಶುರುವಾಗಿರುತ್ತಿತ್ತು. ಇವತ್ತು ತಟ್ಟೆ ಕ್ಲಿಫರ್ಡ್ ಹಾಲ್ರಾಯ್ಡನ ಕೈಗೆ ಬಂದು ಅಲ್ಲೇ ನಿಂತಿತು.

"ತಗೊಳೋದಾದ್ರೆ ತಗೋ, ಇಲ್ಲಾಂದ್ರೆ ದಾಟಿಸು ಮಾರಾಯ," ಎಂದ ಪಕ್ಕದ ಕುರ್ಚಿಯ ನಾರ್ಮನ್ ಗ್ರೀವ್.

ಮೂರನೇ ವಿಷಯ ಬ್ರುಕ್‌ಫೋಲ್ಡ್. ಮರೆವಿನ ಕಾಯಿಲೆಯವರನ್ನು ಹಗಲು ಹೊತ್ತು ನೋಡಿಕೊಳ್ಳುವ ಆ ಕೇಂದ್ರವನ್ನು ಮುಚ್ಚಲು ಕೌನ್ಸಿಲಿನ ಮುಖಂಡರು ತೀರ್ಮಾನಿಸಿದ್ದರು. ಆರೋಗ್ಯ ಮತ್ತು ಆರೈಕೆಯ ಪರಿಶೀಲನಾ ಸಮಿತಿಗೆ ಅದನ್ನು ರದ್ದು ಮಾಡುವ ಅಧಿಕಾರ ಇರಲಿಲ್ಲ. 'ಮತ್ತೊಮ್ಮೆ ಯೋಚಿಸಿ' ಎಂದು ವಾಪಸು ಕಳಿಸಬಹುದಿತ್ತು, ಅಷ್ಟೇ. ಮೇಜಿನ ಸುತ್ತ ಕೂತವರಲ್ಲಿ ವಾಪಸು ಕಳಿಸಬೇಕೆನ್ನುವವರು, ಬೇಡವೆನ್ನುವವರು ಸರಿಸಮ. ಯಾವ ಪಕ್ಷಕ್ಕೂ ಸೇರದ ಕ್ಲಿಫರ್ಡನ ಕೈ ಒಂದೇ ಹೆಚ್ಚಿಗೆಯದು.

ಸಭೆಗೆ ಮುಂಚೆ, ಚಹಾದ ಹಂಡೆಯ ಹತ್ತಿರ, ಬೆರಿಲ್ ಅವನನ್ನು ಗೋಡೆಯ ಕಡೆಗೆ ಕರೆದಿದ್ದಳು. ಇಬ್ಬರೂ ಒಂದೇ ಚಾಪೆಲಿನ, ಊರಿನ ಸಣ್ಣ ಚರ್ಚಿನ, ಭಾನುವಾರದ ಪಾಠಶಾಲೆಯಲ್ಲಿ ಬೆಳೆದವರು.

"ಮಾವಿಸಳ ಮಂಡಿನೋವು ಹೇಗಿದೆ?"

"ಹಾಗೇ ಇದೆ."

"ಒಳ್ಳೇದು." ಅವಳು ಚಮಚವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುವಿದಳು. "ಮಂಡಿನೋವನ್ನ ಯಾರೂ ಹಿತಾಸಕ್ತಿ ಅನ್ನಲ್ಲ ಕ್ಲಿಫ್. ನಾನು ನಮ್ಮ ಪಕ್ಷ ಹೇಳಿದ ಹಾಗೆ ಮುಚ್ಚೋ ಕಡೆಗೇ ಕೈ ಎತ್ಲೇಬೇಕು. ನನ್ನ ಹಣೆಬರಹ ಅದು. ನೀನು ನಿನಗೆ ಬೇಕಾದ ಕಡೆ ಎತ್ತಬಹುದು. ಎರಡನೇ ವಿಷಯ ಬಂದಾಗ ಸುಮ್ನೆ ಚಹಾ ಕುಡಿ."

ಅವಳಿಗೆ ಗೊತ್ತಿತ್ತು. ಕ್ಲಿಫರ್ಡ್ ತನ್ನ ಬಟ್ಟಲನ್ನು ಹಂಡೆಯ ಪಕ್ಕ ಇಟ್ಟ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ಅವನ ಹೆಂಡತಿ ಮಾವಿಸ್ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆಯೇ ಮಾತಾಡಿದ್ದಳು. "ಚಾಪೆಲಿನವರು ಸೂಪು ಹಿಡ್ಕೊಂಡು ಬಂದು ನನ್ನ ಮುಖ ನೋಡ್ತಾ ಕೂತ್ಕೊಳ್ಳೋದು ಬೇಡ. ಯಾರಿಗೂ ಹೇಳ್ಬೇಡ ಕ್ಲಿಫ್. ಮಾತು ಕೊಡು." ಅವನು ಕೊಟ್ಟ. ಅಂದಿನಿಂದ, ಕೇಳಿದವರಿಗೆಲ್ಲ, ಅವಳಿಗೆ ಮಂಡಿನೋವು. ಬ್ರುಕ್‌ಫೋಲ್ಡ್ ಇದ್ದದ್ದು ಪಕ್ಕದ ಕಣಿವೆಯಲ್ಲಿ. ಕೇಂದ್ರದ ವ್ಯಾನು ಮನೆ ಮುಂದೆ ನಿಲ್ಲದಿರಲಿ ಎಂದು ತಾನೇ ಕಾರಿನಲ್ಲಿ ಬಿಟ್ಟು, ತಾನೇ ಕರೆತರುತ್ತಿದ್ದ. ಮಕ್ಕಳ ಹೆಸರು ಮರೆತವಳು ಆ ಮಾತನ್ನು ಮಾತ್ರ ಮರೆತಿರಲಿಲ್ಲ. ಸಂಜೆ ಕೋಟು ತೊಡಿಸುವಾಗ ತಪ್ಪದೆ ಕೇಳುತ್ತಿದ್ದಳು: "ಯಾರಿಗೂ ಹೇಳಿಲ್ಲ ತಾನೇ?" 'ಇಲ್ಲ' ಎಂದು ಅವನು ನಿಜವನ್ನೇ ಹೇಳುತ್ತಿದ್ದ.

ಕೇಂದ್ರವಿಲ್ಲದ ದಿನಗಳಲ್ಲಿ ಮುಂಬಾಗಿಲಿಗೆ ಒಳಗಿನಿಂದ ಬೀಗ. ಅವಳು ಹಿಡಿಕೆ ತಿರುಗಿಸುತ್ತಾಳೆ, ಬಿಡುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ಬೀಗದ ಕೈ ಅವನ ಜೇಬಿನಲ್ಲಿ. ಬೀಗದ ಒಳಗೆ ಇಬ್ಬರೂ.

"ಹಾಗಾದ್ರೆ ಹಿತಾಸಕ್ತಿ ಯಾರಿಗೂ ಇಲ್ಲ," ಎಂದಳು ಬೆರಿಲ್, ಈಗ ತಲೆ ಎತ್ತಿ.

ಚಿಕ್ಕಂದಿನಲ್ಲಿ ಚಾಪೆಲಿನ ವಾರ್ಷಿಕೋತ್ಸವಕ್ಕೆ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕೀರ್ತನೆ ಹೇಳಿಸುತ್ತಿದ್ದರು. ಸಾಲು ಮರೆತು ಬಾಯಿ ಒಣಗಿದಾಗ ಮುಂದಿನ ಬೆಂಚಿನಿಂದ ಅಮ್ಮ ತುಟಿಯಷ್ಟೇ ಅಲ್ಲಾಡಿಸಿ ಪದ ಕೊಡುತ್ತಿದ್ದಳು. ಇವತ್ತು ಎದುರಿಗಿದ್ದ ಬೆರಿಲಳ ತುಟಿ ಅಲ್ಲಾಡಿತು: ಇಲ್ಲ.

ಪದ ಸಿಕ್ಕಿತ್ತು. ಹೇಳಿದರೆ ಮುಗಿಯುತ್ತಿತ್ತು. ಆದರೆ ಸದಸ್ಯನಾಗುವಾಗ, ಹಿತಾಸಕ್ತಿ ಮುಚ್ಚಿಡುವುದಿಲ್ಲ ಎಂದು ಸಹಿ ಹಾಕಿ ಕೊಟ್ಟ ಮಾತೂ ಮಾತೇ. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತಿತ್ತು. ಬಿಸ್ಕತ್ತಿನ ತಟ್ಟೆಯನ್ನು ಕೆಳಗಿಟ್ಟ.

"ನನಗಿದೆ," ಎಂದ ಕ್ಲಿಫರ್ಡ್. "ನನ್ನ ಹೆಂಡತಿ ಮಾವಿಸ್ ಬ್ರುಕ್‌ಫೋಲ್ಡಿಗೆ ಹೋಗ್ತಾಳೆ."

ಯಾರೂ ಬೆಚ್ಚಿಬೀಳಲಿಲ್ಲ. ಒಬ್ಬರು ಕನ್ನಡಕ ಒರೆಸಿಕೊಂಡರು, ಇನ್ನೊಬ್ಬರು ಕಿಟಕಿ ನೋಡಿದರು. ಆಗ ಅವನಿಗೆ ತಿಳಿಯಿತು: ಈ ಮೇಜಿನವರೆಲ್ಲ ಇಷ್ಟು ದಿನ ಮಾವಿಸಳ ಮಂಡಿಯನ್ನು ವಿಚಾರಿಸಿದ್ದು ಗೊತ್ತಿದ್ದೇ.

"ಅಯ್ಯೋ ಪುಣ್ಯಾತ್ಮ," ಎಂದು ನಾರ್ಮನ್ ಮೇಜಿನ ಕಡೆಗೆ ಗೊಣಗಿದ. "ಏನ್ ಮಾಡ್ಬಿಟ್ಟೆ!"

ಸಮಿತಿಯ ಕಾರ್ಯದರ್ಶಿ ನಸ್ರೀನ್ ಎದ್ದು ಅವನ ಹತ್ತಿರ ಬಗ್ಗಿದಳು. "ನೀವು ಮತ ಹಾಕೋ ಹಾಗಿಲ್ಲ ಮಿಸ್ಟರ್ ಹಾಲ್ರಾಯ್ಡ್. ಬೇಕಿದ್ರೆ ಸಾರ್ವಜನಿಕರ ಕುರ್ಚಿಯಲ್ಲಿ ಕೂತು ಮೂರು ನಿಮಿಷ ಮಾತಾಡಬಹುದು. ಆಮೇಲೆ… ಹೊರಗೆ ಹೋಗ್ಬೇಕು."

"ಗೊತ್ತಮ್ಮ. ಆ ನಿಯಮಕ್ಕೆ ನಾನೂ ಕೈ ಎತ್ತಿದ್ದೆ."

ಗೋಡೆ ಪಕ್ಕದ ಕುರ್ಚಿಯಿಂದ ಮೇಜು ಬೇರೆಯಾಗಿ ಕಾಣುತ್ತಿತ್ತು, ಬರೀ ಬೆನ್ನುಗಳು. ಅವನು ನಿಂತೇ ಮಾತಾಡಿದ.

"ಮಾವಿಸ್ ಗಿರಣಿಯಲ್ಲಿ ಬಟ್ಟೆ ಸರಿಪಡಿಸೋ ಕೆಲಸದಲ್ಲಿದ್ದವಳು. ಉಣ್ಣೆ ಬಟ್ಟೆ ಮಗ್ಗದಿಂದ ಬಂದಮೇಲೆ ಬೆರಳಲ್ಲೇ ತಡವಿ ಗಂಟು ಹುಡುಕಿ ಬಿಡಿಸ್ತಿದ್ರಲ್ಲ, ಅದು. ನಿಮ್ಮಲ್ಲಿ ಅರ್ಧ ಜನರ ಅಮ್ಮಂದಿರು ಅದನ್ನೇ ಮಾಡಿದೋರು. ಈಗ ಮನೆಯಲ್ಲಿ ಅವಳ ಕೈ ನಿಲ್ಲಲ್ಲ. ಪರದೆ ತಡವ್ತಾಳೆ, ಗೋಡೆ ತಡವ್ತಾಳೆ, ಬಾಗಿಲು ತಡವ್ತಾಳೆ. ಬ್ರುಕ್‌ಫೋಲ್ಡಿನ ಹುಡುಗಿಯರು ಕಿಟಕಿ ಹತ್ರ ಮೇಜು ಹಾಕಿ ಹಳೇ ಬಟ್ಟೆ ಒಂದು ಹರಡಿ ಕೊಡ್ತಾರೆ. ಅಲ್ಲಿ ಅವಳು ಹಾಡು ಗುನುಗ್ತಾಳೆ. ಮುಚ್ಚಿದ ಮೇಲೆ ಮನೆಗೇ ಆರೈಕೆ ಕಳಿಸ್ತೀವಿ ಅಂತ ವರದಿ ಹೇಳುತ್ತೆ. ಮನೆಗೆ ಬರೋರನ್ನ ನಾನು ನೋಡಿದ್ದೀನಿ. ಪಾಪ, ಅವರಿಗೆ ಕೋಟು ಬಿಚ್ಚೋಕೂ ಪುರುಸೊತ್ತಿಲ್ಲ. ನಾನು…"

ಮೇಜಿನ ಮೇಲಿನ ದೀಪ ಕೆಂಪಾಯಿತು. ಸಮಯ ಮುಗಿದಿದೆ ಎಂದು ನಸ್ರೀನ್ ಹೇಳಬೇಕಿತ್ತು. ಕ್ಲಿಫರ್ಡ್ ತಾನೇ ಬಾಗಿಲ ಕಡೆ ನಡೆದ.

ಬಾಗಿಲಿನ ಗಾಜಿನಿಂದ ಒಳಗಿನದೆಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಜೇಬಿನಲ್ಲಿ ಕೈ ಬೀಗದ ಕೈಯನ್ನು ಹಿಡಿದುಕೊಂಡಿತ್ತು. ಒಳಗೆ ಕೈಗಳು ಎದ್ದವು, ಇಳಿದವು. ಬೇರೆ ಕೈಗಳು ಎದ್ದವು, ಲೆಕ್ಕ ಸರಿಸಮ. ಮತ ಸಮವಾದರೆ ಅಧ್ಯಕ್ಷರಿಗೆ ಇನ್ನೊಂದು ಮತ; ನಸ್ರೀನ್ ಅವರ ಕಡೆ ತಿರುಗಿದಳು. ಬೆರಿಲ್ ಬಾಗಿಲ ಗಾಜನ್ನು ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, ತನ್ನ ಪಕ್ಷ ಹೇಳಿದ್ದಕ್ಕೆ ಎರಡನೇ ಸಲ ಕೈ ಎತ್ತಿದಳು.

ವಿರಾಮದಲ್ಲಿ ಹೊರಬಂದವಳು ಅವನ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು, ಧ್ವನಿ ಸಿಟ್ಟಿನದು.

"ಸುಮ್ನೆ ಇರು ಅಂದಿದ್ನಲ್ಲೋ. ಒಂದೇ ಒಂದು ಸಲ."

"ಅಂದಿದ್ದೆ."

"ನಿನ್ನ ನಿಜ ಇಟ್ಕೊಂಡು ಏನ್ ಮಾಡ್ತೀಯ ಈಗ? ಅವಳಿಗೆ ಹೊದಿಸ್ತೀಯಾ?"

ಕ್ಲಿಫರ್ಡ್ ಟೋಪಿ ತೆಗೆದುಕೊಂಡು ಮೆಟ್ಟಿಲಿಳಿದ.

ಬ್ರುಕ್‌ಫೋಲ್ಡಿನಲ್ಲಿ ಕಿಟಕಿಯ ಬೆಳಕು ಇನ್ನೂ ಇತ್ತು. ಮಾವಿಸ್ ಕಂದು ಬಟ್ಟೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಬೆರಳನ್ನು ನಿಧಾನವಾಗಿ ಎಳೆಯುತ್ತಿದ್ದಳು. ಆ ಸಾಲು ಮುಗಿಯುವವರೆಗೆ ಅವನು ಕಾದ. ಆಮೇಲೆ ಅವಳನ್ನು ಎಬ್ಬಿಸಿ ಕೋಟು ತೊಡಿಸಿ, ಕುತ್ತಿಗೆಯಿಂದ ಗುಂಡಿ ಹಾಕಲು ಶುರುಮಾಡಿದ.

"ಯಾರಿಗೂ ಹೇಳಿಲ್ಲ ತಾನೇ ಕ್ಲಿಫ್?"

ಗುಂಡಿ ಒಮ್ಮೆಗೆ ಕಾಜಕ್ಕೆ ಕೂರಲಿಲ್ಲ.

"ಇಲ್ಲ ಕಣೇ," ಎಂದ. "ಯಾರಿಗೂ ಇಲ್ಲ."

ಅವಳು ತಲೆಯಾಡಿಸಿದಳು. ಅವಳ ಕೈ ಅವನ ತೋಳಿನ ಮೇಲೆ ಬಂದು, ಭುಜದಿಂದ ಕೆಳಗೆ, ಉಣ್ಣೆಯ ಎಳೆ ಹಿಡಿದು ಜಾರುತ್ತ ಹೋಗಿ ಮಣಿಕಟ್ಟಿನ ಹತ್ತಿರ ತಟ್ಟನೆ ನಿಂತಿತು.

"ಇಲ್ಲೊಂದು ಗಂಟಿದೆ," ಎಂದಳು ಮಾವಿಸ್. "ಅಲ್ಲಾಡಬೇಡ."

ಅವನು ಅಲ್ಲಾಡದೆ ನಿಂತ.